ಬೀಳು ಹೊಲದ ಕುಂಬಳ

ಏನೂ ಬೆಳೆಯದೆ ಇರುವುದಕ್ಕೂ ಸರ್ಕಾರ ಸಹಾಯಧನ ಕೊಡುತ್ತದೆ ಎಂದು ಗೊತ್ತಾದ ದಿನದಿಂದ ಗಾಬರಿ ಮಾವ ಬಹಳ ನಿಷ್ಠೆಯಿಂದ ಏನೂ ಬೆಳೆದಿರಲಿಲ್ಲ. ಮಣ್ಣು ಸುಧಾರಿಸಿಕೊಳ್ಳಲಿ ಎಂದು ಒಂದು ವರ್ಷ ಹೊಲವನ್ನು ಬೀಳು ಬಿಟ್ಟರೆ ಹಣ ಖಾತೆಗೆ ಬರುತ್ತದೆ. ಬಂದರೆ ಸೋರುವ ಸೂರಿಗೆ ಹೊಸ ಹೆಂಚು. ಅಲ್ಲಿಯವರೆಗೆ ಸೂರಿನ ಮೇಲೆ ಒಂದು ನೀಲಿ ಟಾರ್ಪಾಲು, ಅದರ ಕೆಳಗೆ ಹೆಂಡತಿಯ ಗೊಣಗಾಟ.

ಬೀಳು ಹೊಲದಲ್ಲಿ ನೋಡುವುದೇನಿದೆ ಎಂದು ಮಾವ ತಿಂಗಳುಗಟ್ಟಲೆ ಆ ಕಡೆ ತಲೆ ಹಾಕಿರಲಿಲ್ಲ. ಅಧಿಕಾರಿಗಳು ತಪಾಸಣೆಗೆ ಬರುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ನಟ್ಟನಡುವೆ ಕುಂಬಳದ ಬಳ್ಳಿ ಕಾಲು ಚಾಚಿ ಮಲಗಿತ್ತು. ಒಂದೊಂದು ಕಾಯಿಯೂ ಮಾವನ ಹೊಟ್ಟೆಯಷ್ಟಿತ್ತು.

"ಲೇ, ಹೊಲದಲ್ಲಿ ಕುಂಬಳ ಹಾಕಿದ್ಯಾರೇ?" ಎಂದು ಅಲ್ಲಿಂದಲೇ ಮನೆಯತ್ತ ಕೂಗಿದ.

"ಯಾರೂ ಹಾಕಿಲ್ಲ. ಹೋದ ವರ್ಷ ಕೊಳೆತ ಕಾಯಿ ಎಸೆದಿದ್ದೆ, ತಾನೇ ಹುಟ್ಟಿರ್ಬೇಕು. ಬಂದೋರಿಗೆ ಹಾಗಂತ ಹೇಳಿದ್ರಾಯ್ತು ಬಿಡಿ," ಎಂದಳು ಹೆಂಡತಿ.

ಇಷ್ಟು ಸುಲಭದ ದಾರಿ ಮಾವನಿಗೆ ಹಿಡಿಸಲಿಲ್ಲ. ಬೇಲಿಯಾಚೆ ಕಿವಿಯಾಗಿ ನಿಂತಿದ್ದ ನಿವೃತ್ತ ಮೇಷ್ಟ್ರಿಗಂತೂ ಹಿಡಿಸಲೇ ಇಲ್ಲ.

"ಒಂದು ಎಲೆ ಕಂಡ್ರೂ ದುಡ್ಡು ಹೋಯ್ತು ಅಂತ ತಿಳ್ಕೊಳ್ಳಿ! ಕಿತ್ತು ಹಾಕಿ!"

"ಕಿತ್ರೆ ಹಸಿ ಮಣ್ಣು ಕಾಣಲ್ವಾ?" ಎಂದಳು ಇನ್ನೊಂದು ಬದಿಯ ಬೇಲಿಯಿಂದ ಬಾತುಕೋಳಿ ಸಾಕುವ ಅಕ್ಕ. "ಮುಚ್ಚಿಬಿಡಿ ಮಾವ. ಡ್ರೋನ್ ಹಾರಿಸಿ ಮೇಲಿಂದ ಫೋಟೋ ತೆಗೀತಾರಂತೆ, ಅಷ್ಟೇ."

ಮುಚ್ಚಲು ಏನಿದೆ? ಮೂವರೂ ಒಟ್ಟಿಗೆ ಸೂರಿನ ಕಡೆ ನೋಡಿದರು.

"ರೀ, ಮೋಡ ಕವಿದಿದೆ..."

"ಒಂದು ಗಳಿಗೆ ಕಣೇ. ಫೋಟೋ ಆದ ತಕ್ಷಣ ತಂದು ಹಾಕ್ತೀನಿ."

ಟಾರ್ಪಾಲು ಎಳೆಯುವ ಭರದಲ್ಲಿ ಇನ್ನೆರಡು ಹೆಂಚು ಒಡೆದವು. ಹೊಲದಲ್ಲಿ ಹಾಸಿದರೆ ಕೆಳಗಿನ ಕಾಯಿಗಳು ಉಬ್ಬುಬ್ಬಾಗಿ ಕಂಡವು. ಅಕ್ಕನ ಬಾತುಕೋಳಿಗಳು ನೀಲಿ ಕಂಡದ್ದೇ ತಡ, ಸಾಲಾಗಿ ಬಂದು ಅದರ ಮೇಲೆ ಕುಳಿತವು. ಈ ಕಡೆಯಿಂದ ಓಡಿಸಿದರೆ ಆ ಕಡೆಯಿಂದ ಬಂದವು. ಅಷ್ಟರಲ್ಲಿ ಮೇಲೆ ಗುಂಯ್ ಎಂದು ಸದ್ದಾಯಿತು. ಮಾವ ಬದುವಿನ ಹಿಂದೆ ಅವಿತುಕೊಂಡ.

ಸ್ವಲ್ಪ ಹೊತ್ತಿಗೆ ಕೃಷಿ ಅಧಿಕಾರಿಯೇ ನಡೆದು ಬಂದರು.

"ಯಜಮಾನ್ರೇ, ನಿಮ್ಮ ಅರ್ಜಿ ವಜಾ ಆಯ್ತು. ಇದು ಬೀಳು ಭೂಮಿ ಅಲ್ಲ, ಹೊಂಡ."

ಮೊಬೈಲಿನ ಚಿತ್ರದಲ್ಲಿ ನೀಲಿ ನೀರಿತ್ತು, ಸಣ್ಣ ಅಲೆಗಳಿದ್ದವು, ಅಲೆಗಳ ಮೇಲೆ ಬಾತುಕೋಳಿಗಳಿದ್ದವು.

ಮಾವ ಓಡಿಹೋಗಿ ಟಾರ್ಪಾಲು ಕಿತ್ತೆಸೆದ. "ಹೊಂಡ ಅಲ್ಲ ಸ್ವಾಮಿ, ಕುಂಬಳ! ತಾನಾಗಿ ಹುಟ್ಟಿದ್ದು!"

"ತಾನಾಗಿ ಹುಟ್ಟಿದ್ದಾ? ಅದು ಕಳೆ ಲೆಕ್ಕ. ನಾವು ಕೇಳೋದೇ ಇಲ್ವಲ್ಲ. ಅದನ್ನ್ಯಾಕೆ ಮುಚ್ಚಿದ್ರಿ?"

"ಹಾಗಾದ್ರೆ ದುಡ್ಡು ಬರುತ್ತಾ?"

"ಫೋಟೋ ಆಗಲೇ ಮೇಲಿನ ಆಫೀಸಿಗೆ ಹೋಯ್ತಲ್ಲ. ಮುಂದಿನ ವರ್ಷ ನೋಡೋಣ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದರು ಮೇಷ್ಟ್ರು, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ.

ಮಾವನಿಗೆ ಅಳುವೇ ಬಂತು. ಅದಕ್ಕೂ ಮೊದಲು ಮಳೆ ಬಂತು. ಟಾರ್ಪಾಲನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಓಡಿದರೆ, ಬಾತುಕೋಳಿಗಳು ಅವನಿಗಿಂತ ಮೊದಲೇ ಒಳಗೆ ಹೋಗಿ ನಡುಮನೆಯಲ್ಲಿ ಈಜುತ್ತಿದ್ದವು.

ಹೆಂಡತಿ ಮಂಚದ ಮೇಲೆ ಕಾಲು ಮಡಚಿ ಕುಳಿತಿದ್ದಳು.

"ಆ ಸಾಹೇಬ್ರನ್ನ ಕರೀರಿ," ಎಂದಳು ತಣ್ಣಗೆ. "ಫೋಟೋ ತೆಗೆಯೋ ಹೊಂಡ ಇಲ್ಲಿದೆ."