ರಾಣಿಯ ಎಡಗಾಲೂ ನನ್ನ ಡಿಗ್ರಿಯೂ

ನನ್ನ ಕೈಲಿ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಬೇರೆಯವರೂ ಹೇಳಿದ್ದರು, ಆದರೆ ದೊಡ್ಡಪ್ಪನಂತೆ ಗಡುವು ಕೊಟ್ಟು ಹೇಳಿರಲಿಲ್ಲ. "ಆ ಕುದುರೆ ಕುಂಟೋದು ಬಿಟ್ಟ ದಿನ ಇವಳು ಡಿಗ್ರಿ ಮಾಡ್ತಾಳೆ, ನೋಡ್ತಿರಿ" ಎಂದು ಲಾಯದ ಕಡೆ ಕೈ ತೋರಿಸಿದ್ದರು. ಅವರನ್ನು ದೂರುವಂತಿಲ್ಲ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ಕುದುರೆಯೂ ಕುಂಟುತ್ತಲೇ ಇತ್ತು.

ಕುದುರೆಯ ಹೆಸರು ರಾಣಿ. ಈಗ ಜಯನಗರದ ಪಕ್ಕದ ಸಿದ್ದಾಪುರದ ತವರಿಗೆ ಹೋದಾಗ ನಾನು ಸ್ಕೂಟರ್ ನಿಲ್ಲಿಸುವ ಜಾಗವೇ ಆಗ ಅವಳ ಲಾಯ. ಮದುಮಗನನ್ನು ಹೊತ್ತು ಜಯನಗರದ ಛತ್ರಗಳಿಗೆ ಬ್ಯಾಂಡ್‌ಸೆಟ್ಟಿನ ಹಿಂದೆ ತಲೆಯಾಡಿಸುತ್ತ ನಡೆಯುವುದು ಅವಳ ಉದ್ಯೋಗ. ಅವಳಿಗೆ ಹುರುಳಿ ಬೇಯಿಸುವ ವಾಸನೆಯಲ್ಲೇ ನಾನು ಬೆಳೆದದ್ದು. ಗಂಡನ ಮನೆಯಲ್ಲಿ ಅತ್ತೆಯ ಹುರುಳಿ ಸಾರಿನ ಮುಂದೆ ಸುಮ್ಮನೆ ಕಣ್ಣೊರೆಸಿಕೊಂಡು, "ಖಾರ ಜಾಸ್ತಿಯಾಯ್ತೇನಮ್ಮಾ?" ಎಂದು ಕೇಳಿಸಿಕೊಂಡಿದ್ದೇನೆ. ಕುದುರೆಯ ನೆನಪಾಯಿತು ಎಂದು ಅತ್ತೆಗೆ ಹೇಗೆ ಹೇಳುವುದು?

ತೊಂದರೆಯಿದ್ದದ್ದು ರಾಣಿಯ ಮುಂದಿನ ಎಡಗಾಲಿನಲ್ಲಿ. ಲಾಳ ಬದಲಾಯಿಸಿದರೆ ಕೆಲವು ದಿನ ನೆಟ್ಟಗೆ ನಡೆಯುವಳು. ನನ್ನ ಪರೀಕ್ಷೆ ಹತ್ತಿರ ಬಂದರೆ ಮತ್ತೆ ಕುಂಟು. ನನ್ನದೂ ಅದೇ ಹಾಡು. ಬಿ.ಕಾಂನ ಎಲ್ಲ ಪೇಪರೂ ಪಾಸು, ಕಾಸ್ಟಿಂಗ್ ಒಂದು ಮಾತ್ರ ಪ್ರತಿ ಸಲವೂ ಉಳಿಯುತ್ತಿತ್ತು. ಓದಲು ಕೂತರೆ ಗೋಡೆಯಾಚೆ ಟಕ್, ಟಕ್, ಟಕ್. ನಾಲ್ಕನೆಯ ಟಕ್ ಬರುವುದೇ ಇಲ್ಲ! ಅದು ಬರಲಿ ಎಂದು ಉಸಿರು ಬಿಗಿಹಿಡಿದು ಕಾಯುವಷ್ಟರಲ್ಲಿ ಲೆಕ್ಕ ಕೈತಪ್ಪಿರುತ್ತಿತ್ತು. ಪರೀಕ್ಷೆಯ ಹಾಲಿನಲ್ಲೂ ನಾನು ಆ ನಾಲ್ಕನೆಯ ಟಕ್ಕಿಗೇ ಕಾಯುತ್ತ ಕೂತವಳು.

"ಈ ಸಲಾನೂ ಹೋಯ್ತೋ, ಪುಸ್ತಕ ಕಟ್ಟಿಟ್ಟು ಯಾವ್ದಾದ್ರೂ ಅಂಗಡಿ ಸೇರ್ಕೊ" ಎಂದರು ದೊಡ್ಡಪ್ಪ. ಅದೇ ವಾರ ರಾಣಿ ಕಾಲನ್ನು ನೆಲಕ್ಕೂರುವುದನ್ನೇ ಬಿಟ್ಟಳು. ಪಶುವೈದ್ಯರನ್ನು ಕರೆಸಿದೆವು. ಅವರು ಕಾಲೆತ್ತಿ ನೋಡಿ ಮೂಗು ಮುಚ್ಚಿಕೊಂಡರು.

"ಗೊರಸಿನ ಅಡಿ ಪೂರ್ತಿ ಕೊಳೆತಿದೆ ಕಣ್ರೀ. ಯಾವಾಗ್ಲೂ ಒದ್ದೆ ಇದ್ರೆ ಇನ್ನೇನಾಗುತ್ತೆ? ಅದ್ಸರಿ, ಇದೇನು ಹಳದಿ?"

"ಅರಿಶಿನ" ಎಂದರು ಬಾಗಿಲಲ್ಲಿ ನಿಂತಿದ್ದ ನಮ್ಮಜ್ಜಿ, ದೊಡ್ಡಪ್ಪನ ತಾಯಿ. "ಇವಳ ಪರೀಕ್ಷೆ ಬಂದಾಗೆಲ್ಲ ಬೆಳಿಗ್ಗೆ ಸಂಜೆ ಅರಿಶಿನದ ನೀರಲ್ಲಿ ಕಾಲು ತೊಳೆದು ಒದ್ದೆ ಬಟ್ಟೆ ಕಟ್ತೀನಿ."

"ಯಾಕಮ್ಮಾ?" ಎಂದರು ದೊಡ್ಡಪ್ಪ.

"ಕೇಳ್ತಾನೆ ನೋಡು! ಕಾಲು ವಾಸಿಯಾದ್ರೆ ಮಗು ಡಿಗ್ರಿ ಮಾಡ್ತಾಳೆ ಅಂದೋನು ನೀನೇ ಅಲ್ವೇನೋ?"

ಡಾಕ್ಟರು ಕೊಳೆತದ್ದನ್ನು ಕೆತ್ತಿ, ಔಷಧಿ ತುಂಬಿ, "ಅಜ್ಜಿ, ಇನ್ಮೇಲೆ ನೀರು ಮುಟ್ಟಿಸೋ ಹಾಗಿಲ್ಲ" ಎಂದು ಕೈಮುಗಿದು ಹೋದರು. ಲಾಯಕ್ಕೆ ಒಣಹುಲ್ಲು ಬಿತ್ತು. ನಿಧಾನವಾಗಿ ನಾಲ್ಕನೆಯ ಟಕ್ಕೂ ಬಂದು ಕೂಡಿಕೊಂಡಿತು. ಕಾಯುವುದಕ್ಕೆ ಏನೂ ಉಳಿಯದೆ ನಾನು ಲೆಕ್ಕ ಮಾಡಲೇಬೇಕಾಯಿತು.

ಸರ್ಟಿಫಿಕೇಟ್ ಹಿಡಿದು ಮನೆಗೆ ಬಂದ ದಿನ ದೊಡ್ಡಪ್ಪ ಅದನ್ನು ಕೂಡಲೇ ಮುಟ್ಟಲಿಲ್ಲ. ರಾಣಿಯನ್ನು ಬಿಚ್ಚಿ ಓಣಿಯ ತುದಿಯವರೆಗೆ ನಡೆಸಿಕೊಂಡು ಹೋಗಿ, ಕಾಲನ್ನೇ ನೋಡುತ್ತ ವಾಪಸು ಬಂದರು. ಆಮೇಲೆ ಕೈ ತೊಳೆದು ಒರೆಸಿಕೊಂಡು, ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಜ್ಜಿಯ ಮಡಿಲಲ್ಲಿಟ್ಟರು. ನಮ್ಮ ಮನೆಯ ಮೊದಲ ಡಿಗ್ರಿ! ನಿದ್ದೆಗೆಟ್ಟು ಓದಿದವಳು ನಾನು. ಬೆನ್ನು ತಟ್ಟುತ್ತಾರೆಂದು ಬಗ್ಗಿ ನಿಂತೆ. ಅಜ್ಜಿ ಅದರ ಮೇಲೆ ಕೈಯಾಡಿಸಿ, ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟರು:

"ನಾನು ಕಾಲು ತೊಳೆಯೋದು ಬಿಟ್ಟಿದ್ದಕ್ಕೆ ನೀನು ಪಾಸಾದೆ, ನೋಡು. ತೊಳೀಬೇಡ ಅಂತ ಮೊದಲೇ ಹೇಳಬಾರದಿತ್ತೇನೇ?"