ಬೆಣ್ಣೆಹಣ್ಣಿನ ಗಿಡಕ್ಕೆ ನಾನು ಮಾಡಿದ ಆರೈಕೆ

ಬೆಣ್ಣೆಹಣ್ಣಿನ ಗಿಡವನ್ನು ಮನೆಯೊಳಗೇ ವರ್ಷವಿಡೀ ಸಾಕುವುದು ಹೇಗೆ ಎಂದು ತಿಳಿಯಬೇಕಾದರೆ ಶಿವಮೊಗ್ಗದವರೆಲ್ಲ ನನ್ನ ಹತ್ತಿರವೇ ಬರಬೇಕು ಎಂದು ನಾನು ನಂಬಿದ್ದೆ. ಯಾರೂ ಬಂದಿರಲಿಲ್ಲ, ಅದು ಬೇರೆ ವಿಷಯ!

ಕೋಟೆಯ ಹತ್ತಿರ ಸ್ಕೂಟರ್ ಜಾರಿ ತೊಡೆಯ ಮೂಳೆ ಮುರಿದು, ಎರಡೆರಡು ಆಪರೇಷನ್ ಆಗಿ, ಮನೆಯಲ್ಲೇ ಬಿದ್ದುಕೊಂಡಿದ್ದ ಕಾಲ ಅದು. ಗೋಡೆ ನೋಡಿ ನೋಡಿ ಮನಸ್ಸು ಕುಗ್ಗಿತ್ತು, ಊಟ ಸೇರುತ್ತಿರಲಿಲ್ಲ. ಒಂದು ದಿನ ಹೆಂಡತಿ ಸರಳಾ ಬೆಣ್ಣೆಹಣ್ಣಿನ ಜ್ಯೂಸ್ ಮಾಡಿಕೊಟ್ಟು, ಅದರ ಬೀಜಕ್ಕೆ ಕಡ್ಡಿ ಚುಚ್ಚಿ, ನೀರಿನ ಲೋಟದ ಮೇಲೆ ಕೂರಿಸಿ, ನನ್ನ ಮಂಚದ ಪಕ್ಕ ಇಟ್ಟಳು. ಕೆಲವು ವಾರಗಳಲ್ಲಿ ಬೀಜ ಬಿರಿದು ಮೊಳಕೆ ಬಂತು. ನನಗೆ ಹಸಿವೂ ಬಂತು! ಆಮೇಲೆ ವಾರಕ್ಕೊಮ್ಮೆ ಜ್ಯೂಸ್ ಖಾಯಂ ಆಯಿತು.

ಗಿಡ ಕುಂಡಕ್ಕೆ ಹೋದ ಮೇಲೆ ಅದರ ಸಂಪೂರ್ಣ ಆಡಳಿತವನ್ನು ನಾನೇ ವಹಿಸಿಕೊಂಡೆ. ಮಳೆಗಾಲದಲ್ಲಿ ಬೆಳಿಗ್ಗೆ, ಸಂಜೆ, ನೆನಪಾದಾಗಲೆಲ್ಲ ನೀರೆರೆದೆ. ಚಳಿಗಾಲದಲ್ಲಿ ನನ್ನ ಮಂಕಿ ಕ್ಯಾಪ್ ತೊಡಿಸಿದೆ. ಬೇಸಿಗೆಯಲ್ಲಿ ಬೆಳಕು ಬೇಕೆಂದು ಉರಿಬಿಸಿಲಿನ ಕಿಟಕಿಗೆ ಒತ್ತಿ ಇಡಿಸಿದೆ. ಎಲೆಗಳು ಹಪ್ಪಳವಾದವು. ತಂಪಿಗೆಂದು ಮಜ್ಜಿಗೆ ಹೊಯ್ದೆ. ಒಗ್ಗರಣೆ ಹಾಕಿರಲಿಲ್ಲ, ಅಷ್ಟು ವಿವೇಕ ಇತ್ತು.

ಆದರೂ ಏನಾಶ್ಚರ್ಯ! ಬಾಡಿದ ಗಿಡ, ನಾನು ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ ಹಸಿರಾಗಿ ನಿಂತಿರುತ್ತಿತ್ತು. ಚಳಿಗಾಲದಲ್ಲೊಮ್ಮೆ ಮಾತ್ರ ಅನುಮಾನ ಬಂತು.

"ಏ ಮಾರಾಯ್ತಿ, ಗಿಡ ಗಿಡ್ಡ ಆಗಿದೆಯಲ್ಲೇ?"

"ಚಳಿಗೆ ಮುದುಡ್ಕೊಂಡಿದೆ ರೀ," ಎಂದಳು ಸರಳಾ, ಮುಖ ಆಚೆ ತಿರುಗಿಸಿ.

ಈ ವೈಜ್ಞಾನಿಕ ಸತ್ಯವನ್ನು ನನ್ನನ್ನು ನೋಡಲು ಬಂದವರಿಗೆಲ್ಲ ವಿವರಿಸಿ ಕಳಿಸಿದೆ.

ಕಾಲು ಸರಿಹೋದ ಮೇಲೆ ಮೊದಲು ಹೋದದ್ದು ಭದ್ರಾವತಿಯ ಕಾಗದನಗರಕ್ಕೆ, ನಾದಿನಿ ವಿಮಲಾಳ ಮನೆಗೆ. ಕೈ ತೊಳೆಯಲು ಹಿತ್ತಲಿಗೆ ಹೋದರೆ, ಹಳೆಯ ಪೇಂಟ್ ಡಬ್ಬಿಗಳಲ್ಲಿ ಸಾಲಾಗಿ ಬೆಣ್ಣೆಹಣ್ಣಿನ ಗಿಡಗಳು!

"ವಿಮಲಾ, ಇವಕ್ಕೆ ನೀರು ಹಾಕೋದು ಹೇಗೆ ಅಂತ ನಾನು ಹೇಳ್ಕೊಡ್ತೀನಿ," ಎಂದು ಚೊಂಬು ಎತ್ತಿದೆ.

"ಅಯ್ಯೋ, ಬೇಡ ಭಾವ!" ಎಂದು ಅವಳು ಚೊಂಬನ್ನೇ ಕಿತ್ತುಕೊಂಡಳು. "ಇವಾದ್ರೂ ಬದುಕ್ಲಿ!"

"ಇವಾದ್ರೂ ಅಂದ್ರೆ?"

ಹಿಂದೆ ನಿಂತಿದ್ದ ಸರಳಾ ಕಣ್ಸನ್ನೆ ಮಾಡಿದಳು. ತಡವಾಗಿತ್ತು.

"ನೀವು ಜ್ಯೂಸ್ ಕುಡಿದ ಹಣ್ಣಿನ ಬೀಜಗಳೇ ಭಾವ ಇವೆಲ್ಲ, ಅಕ್ಕ ಕೊಟ್ಟಿದ್ದು. ನಿಮ್ಮ ಗಿಡ ಒಣಗಿತು ಅಂತ ಅಕ್ಕ ಫೋನ್ ಮಾಡಿದಾಗೆಲ್ಲ ಒಂದೊಂದು ಗಿಡ ತರ್ತಿದ್ದೆ. ನಿಮ್ಮ ಗೊರಕೆ ಶುರುವಾಗೋದನ್ನೇ ಕಾಯ್ತಿದ್ವಿ."

"ಹಾಗಾದ್ರೆ ನನ್ನ ಗಿಡ?"

"ಮೊದಲನೇದು ಮಳೆಗಾಲದಲ್ಲೇ ಬೇರು ಕೊಳೆತು ಹೋಯ್ತು ರೀ," ಎಂದಳು ಸರಳಾ ಮೆಲ್ಲಗೆ. "ಅದನ್ನ ನೋಡೋಕೆ ಅಂತಾನೇ ನೀವು ಎದ್ದು ಕೂತ್ಕೊಳ್ತಿದ್ರಿ. ಹೇಳೋಕೆ ಮನಸ್ಸಾಗ್ಲಿಲ್ಲ."

ಕೋಪ ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಬರಲಿಲ್ಲ. ತುಂಬಿದ ಬಸ್ಸಿನಲ್ಲಿ, ಒಂದು ಎಲೆಯೂ ಮುರಿಯದಂತೆ ಗಿಡವನ್ನು ಎದೆಗೊತ್ತಿಕೊಂಡು ನಿಂತ ವಿಮಲಾ ಕಣ್ಣ ಮುಂದೆ ಬಂದಳು. ನಾನು ಗಿಡ ಸಾಕುತ್ತಿದ್ದೇನೆ ಎಂದುಕೊಂಡಿದ್ದೆ. ಅಕ್ಕ ತಂಗಿ ಸೇರಿ ನನ್ನನ್ನು ಸಾಕಿದ್ದರು.

"ನಿಮ್ಮಿಬ್ಬರ ಋಣ ತೀರಿಸೋಕೆ ಆಗಲ್ಲ," ಎಂದೆ.

"ತೀರಿಸೋದು ಬೇಡ. ನೀರು ಹಾಕ್ಬೇಡಿ, ಸಾಕು!" ಎಂದಳು ವಿಮಲಾ.

ಹೊರಡುವಾಗ ಅವಳು ಒಂದು ಒಳ್ಳೆಯ ಗಿಡ ತಂದಳು. ನಾನು ಎರಡೂ ಕೈ ಚಾಚಿದೆ. ಗಿಡ ಸರಳಾಳ ಕೈಗೆ ಹೋಯಿತು. ನನ್ನ ಕೈಗೆ ಬಂದದ್ದು ಚಕ್ಕುಲಿ ಡಬ್ಬಿ.

ಶಿವಮೊಗ್ಗದವರೆಗೂ ಜೋಪಾನವಾಗಿ ಹಿಡಿದುಕೊಂಡು ಬಂದೆ. ತಲುಪುವಷ್ಟರಲ್ಲಿ ಅದೂ ಅರ್ಧ ಖಾಲಿ!