ಕಾಕಿ ಹೆಸರಿಟ್ಟ ಪಾಸ್ತಾ

ಹೆಂಡತಿ ತನ್ನನ್ನು ಬಾಯಿತುಂಬ ಬೈಯಲಿ ಎಂದು ದೇವರಿಗೆ ಹರಕೆ ಹೊತ್ತ ಗಂಡಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಇಂಡಿಗೆ ಬನ್ನಿ, ನಮ್ಮ ಕಾಕಾನನ್ನು ತೋರಿಸುತ್ತೇನೆ! ಲಿಂಬೆಹಣ್ಣಿನ ವ್ಯಾಪಾರಿ, ಹುಟ್ಟಿದಾಗಿನಿಂದ ತನ್ನದೊಂದು ತಪ್ಪನ್ನೂ ಒಪ್ಪಿಕೊಂಡವನಲ್ಲ. ಬಸ್ಸು ಕಣ್ಣೆದುರೇ ಹೊರಟು ಹೋದರೂ "ನಾ ಟೈಮಿಗೇ ಬಂದೀನಿ, ಬಸ್ಸ ಲಗೂ ಹೋತು" ಎನ್ನುವ ಪೈಕಿ.

ಇಂಥವನಿಗೆ ಇಂಥ ಹರಕೆ ಯಾಕೆ ಬೇಕಾಯಿತು ಎಂದು ತಿಳಿಯಬೇಕಾದರೆ ಮೊದಲು ಕಾಕಿಯ ವಿಷಯ ಹೇಳಬೇಕು. ನಮ್ಮ ಕಡೆ 'ಹೆಸರಿಡುವುದು' ಎಂದರೆ ಕೂಸಿಗೆ ನಾಮಕರಣ ಮಾಡುವುದಷ್ಟೇ ಅಲ್ಲ. ಒಂದರಲ್ಲಿ ತಪ್ಪು ಹುಡುಕಿ ಆಡಿಕೊಳ್ಳುವುದಕ್ಕೂ ಹಾಗೇ ಅನ್ನುತ್ತಾರೆ. ಈ ವಿದ್ಯೆಯಲ್ಲಿ ಕಾಕಿ ತಾಲ್ಲೂಕಿಗೇ ಒಬ್ಬಳು. ಬೀಗರ ಮನೆಯ ಹೋಳಿಗೆಯನ್ನು ಒಂದು ತುತ್ತು ಬಾಯಿಗಿಟ್ಟು, "ಏಲಕ್ಕಿ ಹಾಕೂ ಮುಂದ ಕೈ ಹಿಂದಕ್ಕ ಸರದೈತಿ" ಎಂದು ಬೀಗರ ಎದುರೇ ಹೇಳಿ ಬಂದವಳು! ನಾನು ಸಿಂದಗಿಯಿಂದ ಡಬ್ಬಿ ತುಂಬ ಚಕ್ಕುಲಿ ಒಯ್ದರೆ ಮೊದಲು ಚಕ್ಕುಲಿಗೆ ಹೆಸರಿಟ್ಟು, ಆಮೇಲೆ "ಆರಾಮ ಅದೀಯೇನು?" ಎಂದು ಕೇಳುತ್ತಿದ್ದಳು. ಆದರೆ ಅವಳ ಕೈಯಡುಗೆ ಉಂಡವರು ಯಾರೂ ಅವಳ ಮಾತಿಗೆ ಸಿಟ್ಟು ಮಾಡಿಕೊಂಡಿಲ್ಲ. ಅಷ್ಟು ರುಚಿ.

ಹೋದ ವರ್ಷ ಕಾಕಿಗೆ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕರೆದುಕೊಂಡು ಹೋಯಿತು. ಡಾಕ್ಟರು "ತಾನಾಗೇ ಬರ್ತೈತ್ರಿ" ಎಂದರು. ಬರಲಿಲ್ಲ. ಉಪ್ಪೂ ಒಂದೇ, ಬೆಲ್ಲವೂ ಒಂದೇ. ಕಾಕಿ ಒಲೆಯ ಮುಂದೆ ನಿಲ್ಲುವುದನ್ನೇ ಬಿಟ್ಟಳು. ಅದಕ್ಕಿಂತ ಕೆಟ್ಟದ್ದೆಂದರೆ, ಏನು ಕೊಟ್ಟರೂ "ಛಲೋ ಆಗೇತಿ" ಎನ್ನತೊಡಗಿದಳು! ಕಾಕಾ ನಿಜವಾಗಿ ಹೆದರಿದ್ದು, ಆ ಹರಕೆ ಹೊತ್ತದ್ದು ಆವಾಗ.

"ತಂಗಿ, ನಿಮ್ಮ ಕಾಕಿ ಎಲ್ಲಾನೂ ಹೊಗಳಾಕತ್ತಾಳ! ಏನಾರ ಮಾಡಬೇಕು" ಎಂದು ನನಗೆ ಫೋನಿನಲ್ಲಿ ಒದರಿದ, ಮನೆಗೆ ಕಳ್ಳರು ನುಗ್ಗಿದವರ ಹಾಗೆ.

ಹೀಗೆ ಚಹಾ ಕಾಸಿಯೂ ಗೊತ್ತಿಲ್ಲದ ಕಾಕಾ ಅಡುಗೆಮನೆ ಹೊಕ್ಕ. ಲೆಕ್ಕ ಸರಳ: ಹೆಂಡತಿ ಯಾವತ್ತು ಊಟಕ್ಕೆ ಹೆಸರಿಡುತ್ತಾಳೋ ಅವತ್ತು ನಾಲಿಗೆಯ ರುಚಿ ಮನೆಗೆ ಬಂತು. ಕೆಟ್ಟ ಅಡುಗೆ ಮಾಡಲು ಇದಕ್ಕಿಂತ ಒಳ್ಳೆಯ ನೆಪ ಯಾವ ಗಂಡಸಿಗೆ ಸಿಕ್ಕೀತು ಹೇಳಿ! ಮೊದಲು ಉಪ್ಪಿಟ್ಟು ಮಾಡಿದ. ಚಮಚೆ ಸೋತು ಈಳಿಗೆ ತರಬೇಕಾಯಿತು. "ಛಲೋ ಆಗೇತ್ರಿ" ಎಂದಳು ಕಾಕಿ. ಆಮೇಲೆ ಕೆಂಪು ಮೆಣಸಿನಕಾಯಿ ಅರೆದು ರಂಜಕ ಮಾಡಿದ. ತಾನೇ ಒಂದಿಷ್ಟು ನೆಕ್ಕಿ ನೋಡಿ, ತಂಬಿಗೆ ನೀರು ಕುಡಿದು, ಉಸ್ ಉಸ್ ಎನ್ನುತ್ತ ಅಂಗಳ ಸುತ್ತತೊಡಗಿದ. ಕಾಕಿ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ಶಾಂತವಾಗಿ ಉಂಡಳು. "ಇದೂ ಛಲೋ ಆಗೇತ್ರಿ."

ಹೋದ ತಿಂಗಳು ಒಂದು ರವಿವಾರ ನಾನು ಹೋದಾಗ ಕಾಕಾ ಬಾಗಿಲಲ್ಲೇ ಮೊಬೈಲನ್ನು ನನ್ನ ಮೂಗಿಗೆ ಹಿಡಿದ. ಇಟಲಿಯ ದಪ್ಪ ಅಡುಗೆಯವನೊಬ್ಬ ಟೊಮೆಟೊ ಗೊಜ್ಜಿನಲ್ಲಿ ಮೀನು, ಸೀಗಡಿ ಹಾಕಿ, ಉದ್ದುದ್ದ ಪಾಸ್ತಾ ಕಲಸಿ, ಮೇಲೆ ಲಿಂಬೆ ಹಿಂಡುತ್ತಿದ್ದ.

"ಲಿಂಬಿ ನೋಡು, ಲಿಂಬಿ! ನಮ್ಮ ಇಂಡಿ ಮಾಲ ಇದ್ದಂಗ ಐತಿ. ಇವತ್ತ ಇದನ್ನ ಮಾಡೂದು."

"ಕಾಕಾ, ಅದಕ್ಕ ಸಮುದ್ರದ ಮೀನ ಬೇಕು. ಇಂಡಿಗೆ ಸಮುದ್ರ ಎಲ್ಲಿಂದ ತರ್ತಿ?"

"ನಮ್ಮ ಭೀಮಾ ಎಲ್ಲಿಗೆ ಹೋಗ್ತಾಳ?"

"ಕೃಷ್ಣಾಕ್ಕ."

"ಕೃಷ್ಣಾ?"

"ಸಮುದ್ರಕ್ಕ."

"ಮತ್ತ? ಸಮುದ್ರಕ್ಕ ಹೊಂಟಿದ್ದ ಮೀನ ನಾವು ದಾರ್ಯಾಗ ಹಿಡಿತೀವಿ, ಅಷ್ಟ!"

ನಾನು ಸಿಂದಗಿಯ ಶಾಲೆಯಲ್ಲಿ ಭೂಗೋಳ ಕಲಿಸುವವಳು. ಆದರೂ ಚೀಲ ಹಿಡಿದು ಕಾಕಾನ ಹಿಂದೆ ಹೊರಟೆ.

ಅಗರಖೇಡದ ಹೊಳೆದಂಡೆಗೆ ಹೋಗಿ ಮೀನು, ಸೀಗಡಿ ತಂದೆವು, ಬರುವಾಗ ಪೇಟೆಯಲ್ಲಿ ಪಾಸ್ತಾ ಪಾಕೀಟೂ ಕೊಂಡೆವು. ಕಾಕಾ ಅವನ್ನು ತೊಳೆದು ಬಕೆಟ್ಟಿಗೆ ಹಾಕಿ, ಮೇಲೆ ಹಿಡಿಹಿಡಿ ಕಲ್ಲುಪ್ಪು ಸುರಿಯತೊಡಗಿದ. "ಹೊಳಿಗೂ ಸಮುದ್ರಕ್ಕೂ ಫರಕ ಉಪ್ಪಿಂದ. ತಾಸೊತ್ತು ಬಿಡು, ಸಮುದ್ರದ್ದ ಆಗ್ತಾವ." ಹೀಗೆ ನಮ್ಮ ಬಚ್ಚಲಲ್ಲಿ ಸಮುದ್ರವೇ ಹುಟ್ಟಿತು!

ಸಮುದ್ರ ಅಲ್ಲಿಗೇ ನಿಂತಿದ್ದರೆ ಅಡ್ಡಿ ಇರಲಿಲ್ಲ. ಪಾಸ್ತಾ ಬೇಯಿಸುವ ನೀರೂ ಸಮುದ್ರದಷ್ಟು ಉಪ್ಪಿರಬೇಕು ಎಂದು ಮೊಬೈಲು ಹೇಳಿಬಿಟ್ಟಿತು. ಕಾಕಾ ಒಮ್ಮೆ ಗೋಕರ್ಣದಲ್ಲಿ ಅಲೆಗೆ ಬಿದ್ದು ನೀರು ಕುಡಿದಿದ್ದನಂತೆ. ಆ ರುಚಿ ನೆನಪು ಮಾಡಿಕೊಳ್ಳುತ್ತ, ಕಣ್ಣು ಮುಚ್ಚಿ, ಉಪ್ಪು ಹಾಕಿ ಹಾಕಿ ನೋಡಿದ. ಪಾಸ್ತಾ ಹಲ್ಲಿಗೆ ಗೊತ್ತಾಗುವಷ್ಟು ಗಟ್ಟಿ ಇರಬೇಕು ಎಂದೂ ಬಂತು. ಕಾಕಾನ ಹಲ್ಲಿನ ಸೆಟ್ಟು ಗ್ಲಾಸಿನಲ್ಲಿತ್ತು. ನನ್ನ ಕಡೆ ತಿರುಗಿ, "ಬಾಯಿ ತಗಿ, ನಿನ್ನ ಹಲ್ಲ ಬೇಕು" ಎಂದ!

ಪಡಸಾಲೆಯಲ್ಲಿ ಕೂತಿದ್ದ ಕಾಕಿ ಒಳಗೆ ಇಣುಕಿದಳು. "ಶ್ಯಾವಗಿಗೆ ಮೀನ ಹಾಕ್ತಾರನ್ರಿ ಯಾರರೆ?" ಎಂದಳು. ಹಳೆಯ ಕಾಕಿ ಬಂದಳೆಂದು ನಾನು ಖುಷಿಪಟ್ಟೆ. ಅಷ್ಟರಲ್ಲಿ ದನಿ ಇಳಿಯಿತು. "ಹಾಕ್ರಿ, ಏನ ಹಾಕಿದ್ರೂ ನನಗೇನ ತಿಳಿತೈತಿ." ಕಾಕಾ ಬಗ್ಗಿಸಿದ ತಲೆ ಎತ್ತದೆ ಟೊಮೆಟೊ ಕಲಕುತ್ತಿದ್ದ.

ಮೂವರೂ ಊಟಕ್ಕೆ ಕೂತೆವು. ನಾನು ಮೊದಲ ತುತ್ತು ತಿಂದೆ. ಅಯ್ಯೋ, ಏನು ಹೇಳಲಿ! ಭೀಮಾದ ಮೀನು ಸಮುದ್ರ ಕಂಡಿತೋ ಇಲ್ಲವೋ, ನಾನಂತೂ ಕಂಡೆ.

"ಹೆಂಗೈತಿ?"

"ಕಾಕಾ, ಉಪ್ಪು ಸ್ವಲ್ಪ..."

"ಸಮುದ್ರದ್ದು ಹಂಗ ಇರ್ತೈತಿ! ನಿಮಗ ರೂಢಿ ಇಲ್ಲ."

ಕಾಕಿ ಒಂದು ತುತ್ತು ಬಾಯಿಗಿಟ್ಟಳು. ಇನ್ನೇನು "ಛಲೋ ಆಗೇತಿ" ಬರುತ್ತದೆ ಎಂದು ನಾನು ತಾಟು ನೋಡುತ್ತ ಕೂತೆ. ಬರಲಿಲ್ಲ. ತಲೆ ಎತ್ತಿದರೆ ಕಾಕಿಯ ಮುಖ ಕಿವುಚಿಹೋಗಿತ್ತು.

"ಥೂ! ಏನ್ರಿ ಇದು? ಉಪ್ಪಿನ ಡಬ್ಬಿ ಕೈ ಜಾರಿ ಬಿತ್ತೇನು? ಬಾಯಾಗ ಇಡಾಕ ಆಗೂದಿಲ್ಲ!"

ಅಂದ ಮೇಲೆ, ಅಂದದ್ದು ಏನೆಂದು ಅವಳಿಗೇ ತಿಳಿಯಿತು. ಕೈ ತಾನಾಗಿಯೇ ಬಾಯಿಗೆ ಹೋಯಿತು.

"ಏನಂದಿ?" ಕಾಕಾ ತಾಟು ಸರಿಸಿದ. "ಇನ್ನೊಮ್ಮೆ ಅನ್ನು."

"ಉಪ್ಪು" ಎಂದಳು ಕಾಕಿ, ಸಣ್ಣ ದನಿಯಲ್ಲಿ. "ಉಪ್ಪು ಹತ್ತಾಕತ್ತೈತ್ರಿ ನಾಲಿಗಿಗೆ."

ಹುಳಿ ತಿಳಿಯಲಿಲ್ಲ, ಖಾರ ತಿಳಿಯಲಿಲ್ಲ. ಅವತ್ತು ಬಂದದ್ದು ಉಪ್ಪೊಂದೇ. ಆದರೆ ಯಾರೂ ತಿನ್ನಲಾಗದ ಆ ಪಾಸ್ತಾವನ್ನು ಕಾಕಿ ಮತ್ತೊಂದು ತುತ್ತು ತಿಂದಳು, ಇನ್ನೊಂದು ತಿಂದಳು, ತಿನ್ನುತ್ತಲೇ ಹೆಸರಿಟ್ಟಳು. "ಮೀನಿನ ಮುಳ್ಳ ತಗದಿಲ್ಲ. ಲಿಂಬಿ ಬೀಜ ಹಂಗ ಬಿಟ್ಟೀರಿ. ಲಿಂಬಿ ವ್ಯಾಪಾರಿ ಅಂತ, ನಾಚಿಕಿ ಆಗೂದಿಲ್ಲೇನು?"

"ಹೂಂ, ಇನ್ನೇನ? ಹೇಳು, ಇನ್ನೇನ?" ಎನ್ನುತ್ತಿದ್ದ ಕಾಕಾ. ಕಣ್ಣೀರು ಕೆನ್ನೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳುವ ಖಬರೂ ಅವನಿಗಿರಲಿಲ್ಲ. ಕಾಕಿ ಹೇಳುವುದನ್ನೆಲ್ಲ ಹೇಳಿ ಮುಗಿಸಿ ನೀರು ಕುಡಿದಾಗ, ಹುಟ್ಟಿದಾಗಿನಿಂದ ಒಂದು ತಪ್ಪನ್ನೂ ಒಪ್ಪದ ನಮ್ಮ ಕಾಕಾ ಅವಳ ಮುಂದೆ ತಲೆಯಾಡಿಸಿ ಅಂದ:

"ಹೌದು, ತಪ್ಪ ನಂದ. ಉಪ್ಪು ಭಾಳ ಆಗೇತಿ."